ಕುಗ್ಗಿದ ತುಣುಕು ಉಳಿಯುತ್ತದೆ, ಕುಗ್ಗದ್ದು ಹಾರುತ್ತದೆ: ಫ್ಲೂಯಿಡ್ ಬೆಡ್ ಡ್ರೈಯರ್ ಗಾಳಿ ಹೊಂದಿಸುವುದು ಹೇಗೆ

ಕಲಬುರಗಿಯಲ್ಲಿ ಚಹಾ ಬೆಳೆಯುವುದಿಲ್ಲ, ಕುಡಿಯುವುದು ಮಾತ್ರ ಜಾಸ್ತಿ. ನಾನು ನೀಲಗಿರಿಯ ಒಂದು ಚಹಾ ಫ್ಯಾಕ್ಟರಿಯಲ್ಲಿ ಡ್ರೈಯರ್ ಮುಂದೆ ಒಂಬತ್ತು ವರ್ಷ ನಿಂತವನು. ಈಗ ಊರಿಗೆ ಬಂದು ಕಪನೂರ ಕಡೆ ಒಂದು ಶೆಡ್‌ನಲ್ಲಿ ಸಣ್ಣ ಫ್ಲೂಯಿಡ್ ಬೆಡ್ ಡ್ರೈಯರ್, ಅಂದರೆ ಮಾಲನ್ನು ಬಿಸಿ ಗಾಳಿಯಲ್ಲಿ ತೇಲಿಸಿ ಒಣಗಿಸುವ ಮಷಿನ್, ಇಟ್ಟುಕೊಂಡಿದ್ದೇನೆ. ಬೀದರ್ ಕಡೆಯ ಶುಂಠಿ ತಂದು, ಸಣ್ಣಗೆ ಹೆಚ್ಚಿ, ಒಣಗಿಸಿ, ಮಸಾಲಾ ಚಹಾ ಪುಡಿ ಮಾಡುವವರಿಗೆ ಕೊಡುತ್ತೇನೆ. ನಮ್ಮ ಕಡೆ ಶುಂಠಿಗೆ ‘ಅಲ್ಲ’ ಅಂತಾರೆ, ಆದರೆ ಬರೆಯುವಾಗ ‘ಅಲ್ಲ ಅಲ್ಲ’ ಅಂತ ಗೊಂದಲ ಬೇಡ, ಶುಂಠಿ ಎಂದೇ ಇಟ್ಟುಕೊಳ್ಳೋಣ.

ಮೊದಲ ಸಲ 10 ಕಿಲೋ ಹಸಿ ತುಣುಕು ಹಾಕಿದ್ದೆ. ಲೆಕ್ಕದ ಪ್ರಕಾರ 2 ಕಿಲೋ ಒಣ ಮಾಲು ಬರಬೇಕಿತ್ತು. ಬಂದದ್ದು ಒಂದೂಕಾಲು. ಉಳಿದದ್ದು ಸೈಕ್ಲೋನ್ (ಹೊರಹೋಗುವ ಗಾಳಿಯಿಂದ ಪುಡಿ ಹಿಡಿಯುವ ಸಾಧನ) ಕೆಳಗಿನ ಚೀಲದಲ್ಲಿ ಸ್ವಲ್ಪ, ಶೆಡ್ಡಿನ ತಗಡಿನ ಮೇಲೆ ಸ್ವಲ್ಪ. ಅಕ್ಕನ ಮಗ ಏಣಿ ಹತ್ತಿ ನೋಡಿ, ‘ಮಾಮಾ, ಎಲ್ಲಾ ಇಲ್ಲೇ ಬಂದು ಕೂತಾವ ನೋಡ್ರಿ’ ಅಂದ. ಮಷಿನ್ ಕೊಟ್ಟವರು ‘ಗಾಳಿ ಒಮ್ಮೆ ಸೆಟ್ ಮಾಡಿದ ಮೇಲೆ ಮುಟ್ಟಬೇಡಿ’ ಎಂದಿದ್ದರು. ಅದು ತಪ್ಪು ಮಾತು. ಆದರೆ ಪೂರ್ತಿ ತಪ್ಪು ಅವರದಲ್ಲ. ಅರ್ಧ ನನ್ನದು, ಅದೂ ಚಹಾ ಫ್ಯಾಕ್ಟರಿಯಿಂದ ಹೊತ್ತು ತಂದ ಅಭ್ಯಾಸದ್ದು. ಅದೇನು ಅಂತ ಮುಂದೆ ಹೇಳುತ್ತೇನೆ.

ಡ್ರೈಯರ್ ಒಳಗೆ ಏನಾಗುತ್ತದೆ

ತೊಗರಿ ರಾಶಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಗಾಳಿಗೆ ಹಿಡಿದು ತೂರಿದರೆ ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ಆಚೆ ಹೋಗುತ್ತದೆ. ಎರಡೂ ಒಂದೇ ಗಿಡದ್ದು, ಗಾಳಿಯೂ ಅದೇ. ಗಾಳಿ ಮುಖ್ಯವಾಗಿ ನೋಡುವುದು ಎರಡನ್ನು: ತುಣುಕು ಎಷ್ಟು ದಪ್ಪ ಇದೆ, ಗಾತ್ರಕ್ಕೆ ಎಷ್ಟು ತೂಕ ಇದೆ. ಫ್ಲೂಯಿಡ್ ಬೆಡ್ ಡ್ರೈಯರ್‌ನಲ್ಲಿ ಈ ಗಾಳಿ ಕೆಳಗಿನಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ. ತೂತಿನ ಜಾಲರಿ ಮೇಲೆ ಮಾಲು ಇರುತ್ತದೆ, ಅಡಿಯಿಂದ ಬಿಸಿ ಗಾಳಿ ಹೊಡೆಯುತ್ತದೆ, ಒಂದು ವೇಗ ದಾಟಿದ ಕೂಡಲೇ ಇಡೀ ಮಾಲು ಎದ್ದು ಜೋಳದ ನುಚ್ಚು ಕುದಿದ ಹಾಗೆ ಪಟಪಟ ಅನ್ನುತ್ತದೆ. ಅದಕ್ಕಿಂತ ಕಡಿಮೆ ಆದರೆ ಮಾಲು ಸುಮ್ನೆ ಕೂತಿರುತ್ತದೆ. ತೀರಾ ಜಾಸ್ತಿ ಆದರೆ ಹೊಟ್ಟಿನ ಹಾಗೆ ಹಾರುತ್ತದೆ. ನಾವು ಕೆಲಸ ಮಾಡಬೇಕಾದದ್ದು ಈ ಎರಡರ ನಡುವೆ.

ತೊಂದರೆ ಏನೆಂದರೆ, ಒಣಗುತ್ತಾ ಹೋದಂತೆ ಆ ನಡುವಿನ ವೇಗವೇ ಕೆಳಗೆ ಜರುಗುತ್ತದೆ. ಸಿಟಿಸಿ ಚಹಾ, ಅಂದರೆ ಎಲೆಯನ್ನು ಯಂತ್ರದಲ್ಲಿ ಅರೆದು ಹರಳು ಮಾಡಿದ ಚಹಾ, ತೆಗೆದುಕೊಳ್ಳಿ. ಡ್ರೈಯರ್‌ಗೆ ಬರುವಾಗ ಅದರಲ್ಲಿ ಶೇ. 70ರ ಆಸುಪಾಸು ನೀರು ಇರುತ್ತದೆ, ಹೊರಗೆ ಹೋಗುವಾಗ ಶೇ. 3. ಅಂದರೆ 100 ಕಿಲೋ ಹಸಿ ಮಾಲಿನಲ್ಲಿ ಗಟ್ಟಿ ಪದಾರ್ಥ 30 ಕಿಲೋ. ಒಣಗಿದ ಮೇಲೆ ಕೈಗೆ ಸಿಗುವುದು 31 ಕಿಲೋ. 69 ಕಿಲೋ ನೀರು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಹೋಗಿಬಿಡುತ್ತದೆ. ಹೋದ ನೀರಿನ ಜಾಗವನ್ನೆಲ್ಲ ಎಲೆ ಕುಗ್ಗಿ ತುಂಬಿಕೊಂಡಿತು ಅಂತಿಟ್ಟುಕೊಂಡರೆ ಪ್ರತಿ ಹರಳಿನ ಗಾತ್ರ ಕಾಲು ಭಾಗಕ್ಕೂ ಕೆಳಗೆ ಇಳಿಯುತ್ತದೆ, ಅಗಲ ಹತ್ತಕ್ಕೆ ಆರು ಆಗುತ್ತದೆ. ನಿಜದಲ್ಲಿ ಅಷ್ಟು ಕುಗ್ಗುವುದಿಲ್ಲ, ಒಳಗೆ ಸಣ್ಣ ಪೊಳ್ಳು ಉಳಿಯುತ್ತವೆ. ಚಹಾ ಫ್ಯಾಕ್ಟರಿಯ ದೊಡ್ಡ ಡ್ರೈಯರ್‌ನಲ್ಲಿ ಮಾಲು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತದೆ. ಅದಕ್ಕೇ ಜಾಲರಿಯ ಕೆಳಗೆ ಬೇರೆ ಬೇರೆ ಅಂಕಣ, ಒಂದೊಂದಕ್ಕೂ ಗಾಳಿ ಹೆಚ್ಚುಕಮ್ಮಿ ಮಾಡುವ ಒಂದೊಂದು ಬಾಗಿಲು, ಅದೇ ಡ್ಯಾಂಪರ್. ಹಸಿ ಮಾಲಿನ ಕಡೆ ಗಾಳಿ ಜಾಸ್ತಿ, ಒಣ ಮಾಲಿನ ಕಡೆ ಕಡಿಮೆ. ನಮ್ಮಂಥವರ ಸಣ್ಣ ಬ್ಯಾಚ್ ಮಷಿನ್‌ನಲ್ಲಿ ಮಾಲು ಇದ್ದಲ್ಲೇ ಇರುತ್ತದೆ, ಹಾಗಾಗಿ ಡ್ಯಾಂಪರ್ ಅನ್ನು ನಾವೇ ಇಳಿಸುತ್ತಾ ಹೋಗಬೇಕು.

ಇನ್ನೊಂದು ಕಿರಿಕಿರಿ ಇದೆ. ಮಾಲು ಹಗುರ ಆದಂತೆ ಬ್ಲೋವರ್‌ಗೆ ಅಡ್ಡಿ ಕಡಿಮೆ ಆಗುತ್ತದೆ. ಅಡ್ಡಿ ಕಡಿಮೆ ಆದರೆ ಬ್ಲೋವರ್ ತನ್ನಷ್ಟಕ್ಕೆ ಇನ್ನೂ ಜಾಸ್ತಿ ಗಾಳಿ ತಳ್ಳುತ್ತದೆ. ಕಡಿಮೆ ಗಾಳಿ ಬೇಕಾದ ಹೊತ್ತಿಗೇ ಜಾಸ್ತಿ ಬರುತ್ತದೆ ಅಂದರೆ ನೋಡಿ! ‘ಸೆಟ್ ಮಾಡಿ ಬಿಟ್ಟುಬಿಡಿ’ ಅನ್ನುವ ಮಾತು ತಪ್ಪು ಅಂದದ್ದು ಇದಕ್ಕೇ.

ನಾನು ಮಾಡಿದ ತಪ್ಪು

ತಗಡಿನ ಮೇಲಿಂದ ತಂದ ಒಂದು ತುಣುಕನ್ನು ಉಗುರಿನಿಂದ ಒತ್ತಿ ಮುರಿದೆ. ಹೊರಗೆ ಸಣ್ಣ ಚಕ್ಕೆಯಂಥ ಗಟ್ಟಿ ಪದರ, ಒಳಗೆ ಪೊಳ್ಳು, ಪೊಳ್ಳಿನ ಗೋಡೆಗೆ ಅಂಟಿಕೊಂಡು ಮೆತ್ತಗೆ, ಸ್ವಲ್ಪ ಹಸಿಯಾಗಿ ನಾರು. ಅಗಲ ಅಳೆದರೆ ನಾಲ್ಕೂವರೆ ಮಿಲಿಮೀಟರ್. ಹೆಚ್ಚಿದಾಗ ಐದು ಇತ್ತು. ಅಂದರೆ ಅದು ಕುಗ್ಗಿರಲೇ ಇಲ್ಲ! ನಾನು ಅಲ್ಲಿಯವರೆಗೆ ತುಣುಕು ಕುಗ್ಗಿ ಸಣ್ಣದಾಗಿ ಹಾರಿತು ಅಂದುಕೊಂಡಿದ್ದೆ. ಸಂಗತಿ ತಿರುವುಮುರುವು ಇತ್ತು.

ಲೆಕ್ಕ ಹಾಕಿ ನೋಡಿ, ಕಷ್ಟವಿಲ್ಲ. ಐದು ಮಿಲಿಮೀಟರ್‌ನ ಹಸಿ ತುಣುಕು ಒಣಗಿದ ಮೇಲೆ ತೂಕದಲ್ಲಿ ಐದನೇ ಒಂದು ಭಾಗ ಉಳಿಯುತ್ತದೆ. ಅದು ಕುಗ್ಗಲಿ, ಬಿಡಲಿ, ತೂಕ ಅಷ್ಟೇ, ಯಾಕಂದರೆ ನೀರು ಹೋದದ್ದು ಹೋಯಿತು. ಚೆನ್ನಾಗಿ ಕುಗ್ಗಿ ಮೂರು ಮಿಲಿಮೀಟರ್ ಆದರೆ ಗಾತ್ರವೂ ಹತ್ತಿರ ಹತ್ತಿರ ಐದನೇ ಒಂದು ಭಾಗ. ಸಾಂದ್ರತೆ ಮೊದಲಿನಷ್ಟೇ ಉಳಿಯಿತು. ಇಷ್ಟು ದಪ್ಪ ತುಣುಕಿಗೆ ಬೇಕಾದ ಗಾಳಿಯ ವೇಗ, ಅಗಲ ಮತ್ತು ಸಾಂದ್ರತೆಯನ್ನು ಗುಣಿಸಿ ಅದರ ವರ್ಗಮೂಲ ತೆಗೆದಂತೆ ನಡೆಯುತ್ತದೆ. ಹಾಗೆ ನೋಡಿದರೆ ಕೊನೆಯಲ್ಲಿ ಮೊದಲಿನ ಮುಕ್ಕಾಲು ಭಾಗ ವೇಗ ಬೇಕು. ಆದರೆ ಹೊರ ಪದರ ಮೊದಲೇ ಗಟ್ಟಿಯಾಗಿ ನಾಲ್ಕೂವರೆಯಲ್ಲೇ ನಿಂತುಬಿಟ್ಟರೆ ಸಾಂದ್ರತೆ ಕಾಲು ಭಾಗದ ಹತ್ತಿರಕ್ಕೆ ಬೀಳುತ್ತದೆ, ಬೇಕಾದ ವೇಗ ಅರ್ಧಕ್ಕೆ ಇಳಿಯುತ್ತದೆ. ಕುಗ್ಗಿದ್ದು ತೊಗರಿ ಕಾಳು, ಕುಗ್ಗದ್ದು ಹೊಟ್ಟು. ಅಷ್ಟೇ ಕಥೆ.

(ತುಂಬ ಸಣ್ಣ ಪುಡಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಅಗಲ ಅರ್ಧ ಆದರೆ ಬೇಕಾದ ವೇಗ ಕಾಲು ಭಾಗಕ್ಕೆ ಬೀಳುತ್ತದೆ. ಚಹಾದ ಡಸ್ಟ್ ಮೊದಲು ಸೈಕ್ಲೋನ್ ಸೇರುವುದು ಇದೇ ಕಾರಣಕ್ಕೆ.)

ನನ್ನ ತುಣುಕು ಯಾಕೆ ಕುಗ್ಗಲಿಲ್ಲ? ಚಹಾದ ಕೈ. ಫ್ಯಾಕ್ಟರಿಯಲ್ಲಿ ಫ್ಲೂಯಿಡ್ ಬೆಡ್‌ಗೆ ಮೊದಲ ಅಂಕಣದಲ್ಲೇ 120ರಿಂದ 140 ಡಿಗ್ರಿ ಬಿಸಿ ಗಾಳಿ ಕೊಡುತ್ತಾರೆ. ಅಲ್ಲಿ ಹುದುಗುವಿಕೆಯನ್ನು ಬೇಗ ನಿಲ್ಲಿಸಬೇಕು, ಇಲ್ಲದಿದ್ದರೆ ಎಲೆ ಬೆಂದಂತಾಗಿ ಚಹಾದ ರುಚಿ ಸಪ್ಪೆ ಆಗುತ್ತದೆ. ಅಲ್ಲೂ ಮಿತಿ ಇದೆ. ನಿಮಿಷಕ್ಕೆ ಶೇ. 3ರ ಆಸುಪಾಸು ತೇವ ಇಳಿಯಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು, ಅದಕ್ಕಿಂತ ತುಂಬ ಬೇಗ ಆದರೆ ಮೇಲೆ ಗಟ್ಟಿ, ಒಳಗೆ ಹಸಿ. ಆದರೂ ಚಹಾ ಆ ಬಿಸಿ ತಡೆಯುತ್ತದೆ, ಯಾಕಂದರೆ ಸಿಟಿಸಿ ಹರಳು ಒಂದು ಮಿಲಿಮೀಟರ್ ಆಸುಪಾಸು. ಒಳಗಿನ ನೀರು ಹೊರಗೆ ಬರಲು ಬೇಕಾದ ಸಮಯ ದಪ್ಪದ ವರ್ಗದಂತೆ ಏರುತ್ತದೆ. ಐದು ಮಿಲಿಮೀಟರ್ ಶುಂಠಿಗೆ ಒಂದು ಮಿಲಿಮೀಟರ್ ಚಹಾಕ್ಕಿಂತ ಇಪ್ಪತ್ತೈದು ಪಟ್ಟು ಜಾಸ್ತಿ ಹೊತ್ತು. ನಾನು ಆ ಅಭ್ಯಾಸದಲ್ಲೇ ಮೊದಲು 90 ಡಿಗ್ರಿ ಕೊಟ್ಟೆ. ಮೇ ತಿಂಗಳು, ಹೊರಗೆ 43 ಡಿಗ್ರಿ, ನಮ್ಮ ಊರಿನ ಒಣ ಗಾಳಿ. ಹೊರಚರ್ಮ ಹತ್ತೇ ನಿಮಿಷದಲ್ಲಿ ಹಪ್ಪಳ ಆಯಿತು, ಒಳಗಿನ ನೀರು ಹೊರಡುವ ಹೊತ್ತಿಗೆ ಕುಗ್ಗಲು ಚರ್ಮ ಬಿಡಲಿಲ್ಲ.

ಕುಗ್ಗುವುದರಿಂದ ಇನ್ನೊಂದು ಲಾಭವೂ ಇದೆ. ದಪ್ಪ ಐದರಿಂದ ಮೂರಕ್ಕೆ ಇಳಿದರೆ ನೀರು ಸಾಗಬೇಕಾದ ದಾರಿ ಕಡಿಮೆ ಆಗುತ್ತದೆ. ವರ್ಗದ ಲೆಕ್ಕದಲ್ಲಿ ಕೊನೆಯ ಹಂತದ ಹೊತ್ತು ಮೂರನೇ ಒಂದು ಭಾಗದ ಹತ್ತಿರಕ್ಕೆ ಬರುತ್ತದೆ. ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗರಿಗೆ ಒಂದು ಮಾತು: ಒಣಗುವ ವೇಗದಿಂದ ವಿಸರಣ ಗುಣಾಂಕ (ಒಳಗಿನ ನೀರು ಎಷ್ಟು ಬೇಗ ಸಾಗುತ್ತದೆ ಅನ್ನುವ ಅಂಕಿ) ತೆಗೆಯುವಾಗ ಹಸಿ ತುಣುಕಿನ ದಪ್ಪವನ್ನೇ ಕೊನೆಯವರೆಗೆ ಹಾಕಿದರೆ ಉತ್ತರ ನಿಜಕ್ಕಿಂತ ದೊಡ್ಡದು ಬರುತ್ತದೆ.

ಹಾಗಾದರೆ ಮಾಡುವುದು ಹೇಗೆ

ಹೆಚ್ಚುವುದರಿಂದ ಶುರು. ಎಲ್ಲಾ ತುಣುಕು ಒಂದೇ ಅಳತೆ ಇರಲಿ. ಎರಡು ಮಿಲಿಮೀಟರ್‌ನದೂ ಏಳು ಮಿಲಿಮೀಟರ್‌ನದೂ ಒಟ್ಟಿಗೆ ಹಾಕಿದರೆ ಯಾವ ಗಾಳಿಯೂ ಸರಿ ಬರುವುದಿಲ್ಲ, ಸಣ್ಣದು ಹಾರುವಾಗ ದೊಡ್ಡದು ಇನ್ನೂ ಮಲಗಿರುತ್ತದೆ. ಫ್ಲೂಯಿಡ್ ಬೆಡ್ ಸಿಟಿಸಿ ಚಹಾಕ್ಕೆ ಹೊಂದಿದಷ್ಟು, ಎಲೆ ಸುರುಳಿ ಸುತ್ತಿದ ಆರ್ಥೊಡಾಕ್ಸ್ ಚಹಾಕ್ಕೆ ಹೊಂದದಿರುವುದೂ ಇದಕ್ಕೇ. ಹೆಚ್ಚಿದ ಮೇಲೆ ಜರಡಿ ಹಿಡಿದು ಪುಡಿ ತೆಗೆದುಬಿಡಿ. ಆಮೇಲೆ ನೆರಳಲ್ಲಿ ಬಟ್ಟೆ ಮೇಲೆ ಎರಡು ಮೂರು ಗಂಟೆ ಹರಡಿ, ಮೇಲಿನ ರಸ ಆರಲಿ. ಹಾಗೇ ಹಾಕಿದರೆ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ.

ನುಗ್ಗೆ ಸೊಪ್ಪು ಹಾಕಬಹುದಾ ಅಂತ ಕೇಳುವವರು ಇದ್ದಾರೆ. ಬೇಡ. ಎಲೆ ತೆಳು, ಗಾಳಿಪಟ. ಅದಕ್ಕೆ ಟ್ರೇ ಡ್ರೈಯರ್ ಸಾಕು.

ಈಗ ಮುಖ್ಯ ಸಾಮಾನು. ಒಂದೂವರೆ ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ತಂದು ಇಂಗ್ಲಿಷ್ ಯು ಆಕಾರಕ್ಕೆ ಬಗ್ಗಿಸಿ, ಹಲಗೆಗೆ ಕಟ್ಟಿ, ಪಕ್ಕದಲ್ಲಿ ಅಳತೆ ಪಟ್ಟಿ ಅಂಟಿಸಿ, ಅರ್ಧ ಬಣ್ಣದ ನೀರು ತುಂಬಿ. ಒಂದು ತುದಿ ಜಾಲರಿಯ ಕೆಳಗಿನ ಗಾಳಿ ಪೆಟ್ಟಿಗೆಗೆ, ಇನ್ನೊಂದು ತುದಿ ಮಾಲಿನ ಮೇಲಿನ ಖಾಲಿ ಜಾಗಕ್ಕೆ. ಖರ್ಚು ನೂರು ರೂಪಾಯಿಯ ಒಳಗೆ. ಇದು ಬರೀ ಒತ್ತಡ ತೋರಿಸುವ ನಳಿಗೆ ಅಂದುಕೊಳ್ಳಬೇಡಿ, ಇದು ತಕ್ಕಡಿ. ಮಾಲು ತೇಲುತ್ತಿದೆ ಅಂದರೆ ಅದರ ಪೂರ್ತಿ ಭಾರವನ್ನು ಗಾಳಿಯೇ ಹೊತ್ತಿದೆ ಅಂತ ತಾನೆ? ಮಳೆ ಲೆಕ್ಕ ಗೊತ್ತಲ್ವಾ, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್, ಒಂದು ಕಿಲೋ. ಇಲ್ಲೂ ಅದೇ. ನಳಿಗೆಯಲ್ಲಿ ಒಂದು ಮಿಲಿಮೀಟರ್ ನೀರು ಅಂದರೆ ಚದರ ಮೀಟರ್‌ಗೆ ಒಂದು ಕಿಲೋ ಮಾಲು.

ನನ್ನ ಜಾಲರಿ ಅರ್ಧ ಮೀಟರ್‌ಗೆ ಅರ್ಧ ಮೀಟರ್, ಅಂದರೆ ಕಾಲು ಚದರ ಮೀಟರ್. 10 ಕಿಲೋ ಹಾಕಿದರೆ ಚದರ ಮೀಟರ್‌ಗೆ 40 ಕಿಲೋ, ನಳಿಗೆ 40 ಮಿಲಿಮೀಟರ್ ತೋರಿಸಬೇಕು. ಆದರೆ ಜಾಲರಿಯೂ ಗಾಳಿಯನ್ನು ತಡೆಯುತ್ತದೆ, ಆ ಪಾಲನ್ನು ಕಳೆಯಬೇಕು. ಅದಕ್ಕೆ ಮೊದಲು ಮಾಲು ಹಾಕದೆ, ಗಾಳಿಯನ್ನು ಕೆಲಸದ ಬಿಸಿಗೆ ತಂದು, ಡ್ಯಾಂಪರ್‌ನ ಒಂದೊಂದು ಗುರುತಿನಲ್ಲೂ ನಳಿಗೆ ಎಷ್ಟು ತೋರಿಸುತ್ತದೆ ಅಂತ ಚಾಕ್‌ನಲ್ಲಿ ಬರೆದಿಡಿ. ಮಾಲು ಹಾಕಿದಾಗ ಗಾಳಿ ಸ್ವಲ್ಪ ತಗ್ಗುವುದರಿಂದ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತದೆ. ನಮ್ಮ ಕೆಲಸಕ್ಕೆ ಇಷ್ಟು ಸಾಕು.

ಹಸಿ ಮಾಲು ಹಾಕಿ ಗಾಳಿ ಏರಿಸಿ. ಜಾಲರಿ ಪಾಲು ಕಳೆದು 40 ಬಂತಾ, ಎಲ್ಲಾ ತೇಲಿದೆ. 25ರಲ್ಲೇ ನಿಂತಿದೆ, ಒಂದು ಕಡೆ ಮಾತ್ರ ಬುಗ್ಗೆ ಏಳುತ್ತಿದೆ ಅಂದರೆ ಗಾಳಿ ಒಂದೇ ತೂತು ಮಾಡಿಕೊಂಡು ಓಡುತ್ತಿದೆ, ಮಿಕ್ಕ ಮಾಲು ಸತ್ತಂತೆ ಬಿದ್ದಿದೆ. ಗಾಳಿ ಜಾಸ್ತಿ ಮಾಡಿದರೆ ತೂತು ದೊಡ್ಡದಾಗುತ್ತದೆ ಅಷ್ಟೇ. ಬ್ಲೋವರ್ ನಿಲ್ಲಿಸಿ, ಮರದ ಕೋಲಿನಿಂದ ಕೆದಕಿ ಸಮ ಮಾಡಿ, ಮತ್ತೆ ಶುರು ಮಾಡಿ. ಮೊದಲ ಹತ್ತು ನಿಮಿಷ ನಾನು ಎರಡು ಮೂರು ಸಲ ಹೀಗೆ ಕೆದಕುತ್ತೇನೆ, ನಾಚಿಕೆ ಪಡುವ ವಿಷಯವಲ್ಲ. ಐದು ಮಿಲಿಮೀಟರ್ ಹಸಿ ತುಣುಕು ಬರೀ ಎದ್ದೇಳಲು ಸೆಕೆಂಡಿಗೆ ಒಂದೂವರೆ ಮೀಟರ್ ಆಸುಪಾಸು ವೇಗ ಬೇಕು, ಅಂಟು ಇರುವಾಗ ಇನ್ನೂ ಸ್ವಲ್ಪ ಜಾಸ್ತಿ.

ಬಿಸಿ ಮಾತ್ರ ಮೊದಲು ಕಡಿಮೆ. ಶುಂಠಿಗೆ 45ರಿಂದ 50 ಡಿಗ್ರಿಯಲ್ಲಿ ಶುರು ಮಾಡಿ, ನಳಿಗೆ 20ಕ್ಕೆ ಇಳಿಯುವ ತನಕ ಅಲ್ಲೇ ಇರಲಿ. ಈ ಹಂತದಲ್ಲೇ ತುಣುಕು ನಿಜವಾಗಿ ಕುಗ್ಗುವುದು. ಆಮೇಲೆ 60ಕ್ಕೆ ಹೋಗಿ, ಅದಕ್ಕಿಂತ ಮೇಲೆ ಹೋದರೆ ಶುಂಠಿಯ ವಾಸನೆಯೇ ಗಾಳಿಯ ಜೊತೆ ಹೋಗುತ್ತದೆ. ಇಡೀ ಶೆಡ್ ಘಮಘಮ ಅಂದರೆ ಖುಷಿ ಪಡಬೇಡಿ, ಅದು ನಿಮ್ಮ ದುಡ್ಡು ಹಾರುತ್ತಿರುವ ವಾಸನೆ.

ನಳಿಗೆ ನೋಡಿ ತೇವ ಹೇಳುವುದು ಹೀಗೆ. ನನ್ನ 10 ಕಿಲೋದಲ್ಲಿ ಶೇ. 82 ನೀರು, ಗಟ್ಟಿ ಪದಾರ್ಥ 1.8 ಕಿಲೋ. ನಳಿಗೆ 20 ತೋರಿಸಿದರೆ ಜಾಲರಿ ಮೇಲೆ 5 ಕಿಲೋ ಇದೆ, ತೇವ ಶೇ. 64. 12ಕ್ಕೆ ಬಂದರೆ 3 ಕಿಲೋ, ಶೇ. 40. 10ಕ್ಕೆ ಶೇ. 28. 8ಕ್ಕೆ 2 ಕಿಲೋ, ಶೇ. 10, ಕೆಲಸ ಮುಗಿಯಿತು. ಕೊನೆಗೆ ಒಂದೊಂದು ಮಿಲಿಮೀಟರ್‌ಗೂ ಕಾಲು ಕಿಲೋ ಲೆಕ್ಕ ಬರುವುದರಿಂದ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ನಳಿಗೆ ನಂಬದೆ ಹೊರಹೋಗುವ ಗಾಳಿಯ ಥರ್ಮಾಮೀಟರ್ ನೋಡಿ. ನೀರು ಆವಿ ಆಗುತ್ತಿರುವಷ್ಟು ಹೊತ್ತು ಹೊರಹೋಗುವ ಗಾಳಿ ತಂಪಾಗಿರುತ್ತದೆ. ನೀರು ಮುಗಿಯುತ್ತಾ ಬಂದಂತೆ ಅದು ಒಳಬರುವ ಗಾಳಿಯ ಬಿಸಿಯ ಹತ್ತಿರ ಏರುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಹಿಡಿ ತೆಗೆದು ತೂಗಿ.

ಈಗ ಗಾಳಿ. ಗಡಿಯಾರ ನೋಡಿ ಇಳಿಸಬೇಡಿ, ಕಿಟಕಿ ಗಾಜಿನಲ್ಲಿ ಮಾಲು ನೋಡಿ ಇಳಿಸಿ. 40ರಿಂದ 30ರ ತನಕ ಡ್ಯಾಂಪರ್ ಮುಟ್ಟುವುದಿಲ್ಲ. 30ರ ಕೆಳಗೆ ತುಣುಕುಗಳು ಬಿಡಿಬಿಡಿ ಆಗಿ, ಕುದಿತ ಜೋರಾಗುತ್ತದೆ. ಆಗ ಒಂದು ಗುರುತು ಇಳಿಸಿ. ಕುದಿತ ನಿಲ್ಲಬಾರದು, ಆದರೆ ತುಣುಕು ಗಾಜಿನ ಮೇಲಂಚಿಗೆ ಚಿಮ್ಮಬಾರದು. ಹೀಗೆ ಇಳಿಸುತ್ತಾ ಕೊನೆಗೆ ಮೊದಲಿನ ಮುಕ್ಕಾಲು ಭಾಗದ ಹತ್ತಿರ ಬಂದು ನಿಲ್ಲಿ. ಅರ್ಧಕ್ಕೆ ಇಳಿಸಿದರೂ ಇನ್ನೂ ಹಾರುತ್ತಿದೆ ಅಂದರೆ ಗಾಳಿಯದ್ದಲ್ಲ ತಪ್ಪು, ನಿಮ್ಮ ತುಣುಕು ಪೊಳ್ಳು. ಇನ್ನೊಂದು ವಿಷಯ, ಗಾಳಿ ಇಳಿಸಿದಾಗಲೆಲ್ಲ ಹೀಟರ್ ನೋಡಿ. ಅದೇ ಬೆಂಕಿಗೆ ಕಡಿಮೆ ಗಾಳಿ ಹೋದರೆ ಬಿಸಿ ಏರುತ್ತದೆ. ನನ್ನ ಥರ್ಮೋಸ್ಟಾಟ್ ಸ್ವಲ್ಪ ಸೋಮಾರಿ, ಹಾಗಾಗಿ ಮೊದಲು ಹೀಟರ್ ಒಂದು ಹಂತ ಕಡಿಮೆ ಮಾಡಿ, ಆಮೇಲೆ ಡ್ಯಾಂಪರ್ ಮುಟ್ಟುತ್ತೇನೆ.

ನಳಿಗೆ ಇಳಿಯುತ್ತಿದೆ ಅಂದ ಮಾತ್ರಕ್ಕೆ ಒಣಗುತ್ತಿದೆ ಅಂತಲ್ಲ. ಮಾಲು ಹಾರಿಹೋದರೂ ಅದು ಇಳಿಯುತ್ತದೆ! ಅರ್ಧ ಗಂಟೆಗೊಮ್ಮೆ ಸೈಕ್ಲೋನ್ ಚೀಲ ತೂಗಿ ನೋಡಿ.

ಕುಗ್ಗಿದೆಯೋ ಇಲ್ಲವೋ, ರಾಗಿಯಿಂದ ಅಳೆಯುವುದು

ಇದಕ್ಕೆ ಲ್ಯಾಬ್ ಬೇಡ. ರಾಗಿ ಸಾಕು. ನಮ್ಮದು ಜೋಳದ ಊರು, ಅಂಗಡಿಯಲ್ಲಿ ರಾಗಿ ಕೇಳಿದರೆ ‘ಶುಗರ್ ಬಂದದ ಏನ್ರೀ’ ಅಂತ ವಿಚಾರಿಸುತ್ತಾರೆ, ಅದನ್ನು ತಡೆದುಕೊಳ್ಳಿ. 200 ಹಸಿ ತುಣುಕು ಎಣಿಸಿ, ಬಟ್ಟೆಯಿಂದ ಒರೆಸಿ, ತೂಗಿ. ಅಳತೆ ಗುರುತಿರುವ ಜಾಡಿಗೆ ಹಾಕಿ, ಮೇಲೆ ರಾಗಿ ಸುರಿದು, ತಟ್ಟಿ ತಟ್ಟಿ ಸರಿಯಾಗಿ 100 ಮಿಲಿಲೀಟರ್ ಗುರುತಿಗೆ ತನ್ನಿ. ಆಮೇಲೆ ಜರಡಿಯಲ್ಲಿ ರಾಗಿ ಬೇರೆ ಮಾಡಿ, ಬರೀ ರಾಗಿಯನ್ನು ಅದೇ ಜಾಡಿಯಲ್ಲಿ ಅಷ್ಟೇ ತಟ್ಟಿ ಅಳೆಯಿರಿ. 75 ಬಂದರೆ ತುಣುಕಿನ ಗಾತ್ರ 25. ಒಣಗಿದ 200 ತುಣುಕಿಗೂ ಹೀಗೇ ಮಾಡಿ. ನನ್ನ ಈಗಿನ ಬ್ಯಾಚಿನಲ್ಲಿ ಹಸಿ 200 ತುಣುಕು 25 ಗ್ರಾಂ, 25 ಮಿಲಿಲೀಟರ್. ಒಣಗಿದ್ದು 5 ಗ್ರಾಂ, ಐದೂವರೆ ಮಿಲಿಲೀಟರ್. ಮೇ ತಿಂಗಳ ಆ ಹಪ್ಪಳ ಬ್ಯಾಚಿನದ್ದೂ 5 ಗ್ರಾಮೇ, ಆದರೆ 18 ಮಿಲಿಲೀಟರ್. ಪ್ಯಾಕೆಟ್ ತುಂಬುವವರಿಗೆ ಈ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ, ಅದೇ 100 ಗ್ರಾಂ ಚೀಲಕ್ಕೆ ಹಿಡಿಯುವುದೇ ಇಲ್ಲ.

ಪೊಳ್ಳು ಮಾಲನ್ನು ಹಾಗೇ ಡಬ್ಬಿಗೆ ತುಂಬಿದರೆ ಇನ್ನೊಂದು ಪೆಟ್ಟು. ಒಳಗೆ ಉಳಿದ ತೇವ ನಿಧಾನವಾಗಿ ಹೊರಗೆ ಬಂದು ನಾಲ್ಕು ದಿನದಲ್ಲಿ ಎಲ್ಲಾ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಂಥ ಬ್ಯಾಚ್ ಬಂದರೆ ಒಂದು ರಾತ್ರಿ ಮುಚ್ಚಿದ ಡಬ್ಬಿಯಲ್ಲಿ ಇಟ್ಟು, ಒಳಗಿನ ತೇವ ಮೇಲಕ್ಕೆ ಬರಲು ಬಿಟ್ಟು, ಬೆಳಿಗ್ಗೆ 50 ಡಿಗ್ರಿಯಲ್ಲಿ ಟ್ರೇ ಮೇಲೆ ಮತ್ತೆ ಒಣಗಿಸಿ. ಫ್ಲೂಯಿಡ್ ಬೆಡ್‌ಗೆ ಮತ್ತೆ ಹಾಕಬೇಡಿ, ತಗಡು ಹತ್ತಬೇಕಾಗುತ್ತದೆ.

ಕರೆಂಟ್ ಹೋದಾಗ ಏನು ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ, ನಮ್ಮ ಕಡೆ ಅದು ಹೋಗಿಯೇ ಹೋಗುತ್ತದೆ. ಬ್ಲೋವರ್ ನಿಂತ ಕೂಡಲೇ ಇಡೀ ಮಾಲು ಬಿಸಿ ಜಾಲರಿ ಮೇಲೆ ಕೂರುತ್ತದೆ. ಕರೆಂಟ್ ಹೋಗುವ ಮುಂಚೆ ನಳಿಗೆ 20ರ ಮೇಲಿದ್ದಿದ್ದರೆ ಕಾಯಬೇಡಿ, ಬಾಗಿಲು ತೆಗೆದು ಮಾಲನ್ನು ತಟ್ಟೆಗಳಿಗೆ ಎಳೆದು ಹರಡಿ, ಇಲ್ಲದಿದ್ದರೆ ಅಡಿಯ ಪದರ ಬೆಂದು ಜಾಲರಿಗೆ ಅಂಟಿ, ತೂತು ಮುಚ್ಚಿ, ಮುಂದಿನ ಬ್ಯಾಚಿಗೂ ಗಾಳಿ ಅಡ್ಡಾದಿಡ್ಡಿ ಬರುತ್ತದೆ. 12ರ ಕೆಳಗೆ ಇದ್ದಿದ್ದರೆ ಹೀಟರ್ ಸ್ವಿಚ್ ಆರಿಸಿ ಬಾಗಿಲು ತೆರೆದಿಟ್ಟರೆ ಸಾಕು. ಕರೆಂಟ್ ಬಂದ ಮೇಲೆ ಮೊದಲು ತಣ್ಣನೆಯ ಗಾಳಿ ಬಿಟ್ಟು, ಮಾಲು ಎದ್ದಿದೆ ಅಂತ ನಳಿಗೆಯಲ್ಲಿ ಖಾತ್ರಿ ಮಾಡಿಕೊಂಡು, ಆಮೇಲೆ ಹೀಟರ್ ಹಾಕಿ.